ಈಚಲ ಮರದ ಕೆಳಗೆ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಲೋಕ ಅದನ್ನು ಹೆಂಡವೆಂದೇ ಹೇಳುತ್ತದೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ನಮ್ಮ ತಂದೆಯವರು ಅದನ್ನು ವರ್ಷಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದರು. ಸಹವಾಸದ ವಿಚಾರದಲ್ಲಿ ಮಕ್ಕಳು ಎಚ್ಚರವಾಗಿರಲಿ ಎಂಬುದು ಅವರ ಉದ್ದೇಶ. ಗಾದೆಯ ಕನಿಕರವೆಲ್ಲ ಆ ಮಜ್ಜಿಗೆಯವನ ಮೇಲೆ: ಪಾಪ, ಮಾಡದ ತಪ್ಪಿಗೆ ಕೆಟ್ಟ ಹೆಸರು ಹೊತ್ತನಲ್ಲ! ಆದರೆ ಅವನು ಬರುವುದಕ್ಕೆ ಮೊದಲೇ ಆ ಮರದ ಕೆಳಗೆ ಕುಳಿತಿದ್ದವರು ಯಾರು, ಅವರೇಕೆ ಅಲ್ಲಿ ಕುಳಿತಿದ್ದರು ಎಂದು ಗಾದೆ ಕೇಳುವುದಿಲ್ಲ. ಎಪ್ಪತ್ತು ದಾಟಿದ ಮೇಲೆ ನನಗೆ ಈ ಪ್ರಶ್ನೆ ಹುಟ್ಟಿತು. ಅದೂ ಈಚಲ ಮರವೇ ಬೆಳೆಯದ ಲಂಡನ್ ನಗರದಲ್ಲಿ.

ಮಗಳು ಅಲ್ಲಿದ್ದಾಳೆ. ಬಾಣಂತನಕ್ಕೆಂದು ಹೊರಟ ನನ್ನಾಕೆಯ ಜೊತೆಯಲ್ಲಿ ನಾನೂ ಹೋಗಿದ್ದೆ. ಬಾಣಂತಿಯ ಮನೆಯಲ್ಲಿ ಮುದುಕನಾದ ಗಂಡಸಿಗೆ ಏನು ಕೆಲಸ? ನಾನು ಕುಳಿತು ಕುಳಿತು ಬೇಸರಪಡುವುದನ್ನು ಕಂಡು ಅಳಿಯಂದಿರು ಒಂದು ಭಾನುವಾರ, "ಬನ್ನಿ ಮಾವ, ಹಳೇ ಕಾಲದ ಒಂದು ಜಾಗ ತೋರಿಸ್ತೀನಿ" ಎಂದು ಕರೆದೊಯ್ದರು. ಹ್ಯಾಂಪ್‌ಸ್ಟೆಡ್ ಎಂಬ ದಿಬ್ಬದ ಮೇಲೆ, ಅವರು ಹೀತ್ ಎಂದು ಕರೆಯುವ ವಿಸ್ತಾರವಾದ ಕುರುಚಲು ಬಯಲಿನ ಅಂಚಿನಲ್ಲಿ, ಸ್ಪ್ಯಾನಿಯರ್ಡ್ಸ್ ಇನ್ ಎಂಬುದೊಂದು ಪಾನಗೃಹವಿದೆ. 1585ರಿಂದ ಇದೆಯೆಂದು ಹೇಳಿಕೆ. ಆಗ ಅದು ಊರಾಚೆಯ ಹಾದಿಯಲ್ಲಿ ದಣಿದವರು ತಂಗುವ ಕಟ್ಟೆ. ಲಂಡನ್ ಬೆಳೆದು ನಾಲ್ಕು ಕಡೆಯಿಂದಲೂ ಸುತ್ತುವರಿದರೂ ಅದು ಮಾತ್ರ ಹಳ್ಳಿಯದಾಗಿಯೇ ಉಳಿದಿದೆ. ತಗ್ಗಾದ ಚಾವಣಿ, ಕಪ್ಪಗಾದ ಮರದ ಹಲಗೆಗಳು, ಹಿಂದುಗಡೆ ಒಂದು ತೋಟ. ಎದುರಿಗೆ ಹಳೆಯ ಸುಂಕದ ಕಟ್ಟೆಯ ಪುಟ್ಟ ಮನೆ. ಇವೆರಡರ ನಡುವೆ ರಸ್ತೆ ಎಷ್ಟು ಕಿರಿದಾಗುತ್ತದೆಂದರೆ ಒಂದು ಕಡೆಯ ವಾಹನ ನಿಂತು ಇನ್ನೊಂದು ಕಡೆಯದಕ್ಕೆ ದಾರಿ ಬಿಡಬೇಕು. ರಸ್ತೆಗಾಗಿ ಮನೆಯನ್ನು ಕೆಡವದೆ ಮನೆಗಾಗಿ ರಸ್ತೆಯನ್ನು ಇಕ್ಕಟ್ಟು ಮಾಡಿಕೊಂಡಿರುವ ಜನರನ್ನು ನಾನು ಕಂಡದ್ದು ಅದೇ ಮೊದಲು.

ಅದರ ಕಥೆಗಳೋ, ಹೇಳಿದಷ್ಟೂ ಇವೆ. ಡಿಕನ್ಸನ ಪಿಕ್ವಿಕ್ ಕಾದಂಬರಿಯಲ್ಲಿ ಶ್ರೀಮತಿ ಬಾರ್ಡೆಲ್ ಇಲ್ಲಿಯೇ ಚಹಾ ಕುಡಿಯುತ್ತ ಕುಳಿತಿದ್ದಾಗ ಸಿಕ್ಕಿಬೀಳುತ್ತಾಳೆ. ನನಗೆ ಹೆಚ್ಚು ಹಿಡಿಸಿದ ಕಥೆ ಬೇರೆ. 1780ರಲ್ಲಿ ಲಂಡನ್ನಿನಲ್ಲಿ ದೊಂಬಿ ಎದ್ದಾಗ ಒಂದು ಗುಂಪು ಹತ್ತಿರದಲ್ಲೇ ಇದ್ದ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನ್ಯಾಯಾಧೀಶರ ಬಂಗಲೆಯನ್ನು ಸುಡಲು ಹೊರಟಿತಂತೆ. ದಾರಿಯಲ್ಲಿ ಈ ಅಂಗಡಿಯವನು ಅವರನ್ನು ತಡೆದು, ಬೇಕಾದಷ್ಟು ಕುಡಿಯಿರೆಂದು ಪುಕ್ಕಟೆ ಸುರಿದನಂತೆ. ಅವರು ಕುಡಿದು ಮುಗಿಸುವ ಹೊತ್ತಿಗೆ ಸಿಪಾಯಿಗಳು ಬಂದರು, ಬಂಗಲೆ ಉಳಿಯಿತು. ಇಂಗ್ಲೆಂಡಿನ ನೆಲದಿಂದ ಒಬ್ಬ ಗುಲಾಮನನ್ನು ಬಲಾತ್ಕಾರವಾಗಿ ಹಡಗಿಗೆ ಹತ್ತಿಸಿ ಸಾಗಿಸುವಂತಿಲ್ಲವೆಂದು 1772ರಲ್ಲಿ ತೀರ್ಪು ಕೊಟ್ಟವರು ಇದೇ ಮ್ಯಾನ್ಸ್‌ಫೀಲ್ಡ್. ಅಂಥವರ ಮನೆಯನ್ನು ಕಾಪಾಡಿದ್ದು ಕುಡಿತ! ಧರ್ಮಸೂಕ್ಷ್ಮವನ್ನು ಬಲ್ಲವರು ಇದಕ್ಕೆ ಏನು ಹೇಳುತ್ತಾರೋ ತಿಳಿಯದು.

ಮಾವನ ಎದುರಿಗೆ ಅಳಿಯಂದಿರು ಸಂಕೋಚಪಟ್ಟರು. ನಾನೇ ಒತ್ತಾಯಿಸಿದ ಮೇಲೆ ಒಂದು ಲೋಟ ಬಿಯರ್ ತರಿಸಿಕೊಂಡರು. ನನಗೆ ಸೇಬಿನ ರಸ. ಪಕ್ಕದ ಮೇಜಿನಲ್ಲಿ ಒಬ್ಬ ಮುದುಕ, ಅವನ ಕಾಲ ಬಳಿ ಅವನ ನಾಯಿ. ಆಚೆಗೆ ಮಕ್ಕಳು ಮರಿಗಳೊಡನೆ ಒಂದು ಸಂಸಾರ. ಯಾರೂ ಯಾರನ್ನೂ ಕೀಳಾಗಿ ನೋಡುತ್ತಿರಲಿಲ್ಲ. ನನಗೆ ಬಹಳ ಹಿತವೆನಿಸಿತು. ರಸವನ್ನು ಅರ್ಧ ಕುಡಿದ ಮೇಲೆ ತಟ್ಟನೆ ಹೊಳೆಯಿತು: ನಾನು ಕುಳಿತಿರುವುದು ಹೆಂಡದಂಗಡಿಯಲ್ಲಿ. ಗುಂಡ್ಲುಪೇಟೆಯಲ್ಲಿ ನನ್ನ ಮನೆಯಿಂದ ಎರಡು ಫರ್ಲಾಂಗಿನಲ್ಲಿದ್ದ ಅಂಗಡಿಗೆ ಜನ್ಮದಲ್ಲಿ ಒಮ್ಮೆಯೂ ಕಾಲಿಡದೆ ಇದ್ದವನು, ಅಷ್ಟೇ ಅಲ್ಲ, ಅದನ್ನು ಮುಚ್ಚಿಸಿದವನು, ಸಮುದ್ರ ದಾಟಿ ಬಂದು ಇಲ್ಲಿ ಕುಳಿತು, ಪರಂಪರೆ ಎಂದರೆ ಹೀಗಿರಬೇಕು ಎಂದು ಮೆಚ್ಚಿಕೊಳ್ಳುತ್ತಿದ್ದೇನೆ!

ಮುಚ್ಚಿಸಿದ ಕಥೆಯನ್ನು ಹೇಳಿಬಿಡುತ್ತೇನೆ. ಮೈಸೂರಿನ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು ಒಂದು ಉದಕಮಂಡಲಕ್ಕೂ ಇನ್ನೊಂದು ವೈನಾಡಿಗೂ ಹೋಗುತ್ತದೆ. ಮೂಡಲಿಗೆ ತೆರಕಣಾಂಬಿಯ ಮೇಲೆ ಚಾಮರಾಜನಗರದ ದಾರಿ. ಈ ದಾರಿಗಳಲ್ಲೊಂದರ ಮಗ್ಗುಲಲ್ಲಿ, ಊರು ಮುಗಿದು ಹೊಲ ತೊಡಗುವ ಕಡೆ, ಆ ಅಂಗಡಿ ಇತ್ತು. ತೆಂಗಿನ ಗರಿ ಹೊದೆಸಿದ ಚಪ್ಪರ, ಮಣ್ಣಿನ ಗೋಡೆ, ಎದುರಿಗೆ ಒಂದು ಹುಣಿಸೇಮರ. ಸಂಜೆ ಐದರ ಮೇಲೆ ಜನ ಸೇರುತ್ತಿದ್ದರು. ಗಾಡಿ ಹೊಡೆಯುವವರು, ಕಲ್ಲು ಒಡೆಯುವವರು, ಸಂತೆಯ ದಿನವಾದರೆ ಕುರಿ ಮಾರಲು ಬಂದವರು. ಒಳಗೆ ಹುರಿಗಡಲೆ, ಖಾರದ ಬೋಟಿ ಸಿಗುತ್ತಿತ್ತೆಂದು ಕೇಳಿದ್ದೇನೆ. ನೋಡಿದ್ದೇನೆ ಎನ್ನುವಂತಿಲ್ಲ. ನನಗೆ ಗೊತ್ತಿದ್ದುದು ಅದರ ಹುಳಿವಾಸನೆ, ನಗುವಿನ ಸದ್ದು, ಆಗಾಗ ಜಗಳದ ಕೂಗು. ಅಲ್ಲಿಗೆ ಬಂದಾಗ ನಮ್ಮ ಹೆಜ್ಜೆ ತಾನಾಗಿ ಬಿರುಸಾಗುತ್ತಿತ್ತು.

ಹೆಂಡದ ವಿಷಯ ತಿಳಿಯದವರಿಗೆ ಎರಡು ಮಾತು. ಕೆರೆಯ ಹಿಂಬದಿಯಲ್ಲಿ, ಹಳ್ಳದ ದಂಡೆಯಲ್ಲಿ ಈಚಲು ಯಾರೂ ನೆಡದೆ ಬೆಳೆಯುತ್ತದೆ. ಸುಳಿಯ ಬುಡದಲ್ಲಿ ಕೆತ್ತಿ ಸಂಜೆ ಮಡಕೆ ಕಟ್ಟಿದರೆ ಬೆಳಗಾಗುವುದರಲ್ಲಿ ಸಿಹಿಯಾದ ರಸ ತುಂಬಿರುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದಿದ್ದರೆ ಅದು ಹುಳಿಯದೆ ನೀರಾ ಆಗಿ ಉಳಿಯುತ್ತದೆ. ಬಳಿಯದಿದ್ದರೆ ಬಿಸಿಲೇರುವ ಹೊತ್ತಿಗೆ ನೊರೆಯೆದ್ದು ಹೆಂಡವಾಗುತ್ತದೆ. ಅದರ ಅಮಲು ಹೆಚ್ಚುಕಡಿಮೆ ನನ್ನ ಅಳಿಯಂದಿರ ಲೋಟದಲ್ಲಿದ್ದ ಬಿಯರಿನಷ್ಟೆ. ಸಾರಾಯಿ, ಬ್ರಾಂದಿಗಳ ಜಾತಿಯದಲ್ಲ. ಒಂದು ದಿನ ಕಳೆದರೆ ಹುಳಿ ಮಿತಿಮೀರಿ ಬಾಯಿಗಿಡಲಾಗದು. ಆದಕಾರಣ ಅದನ್ನು ದೂರ ಸಾಗಿಸುವಂತಿಲ್ಲ, ಕೂಡಿಡುವಂತಿಲ್ಲ. ಮರದ ಹತ್ತಿರವೇ ಅಂಗಡಿ, ಅಂಗಡಿಯ ಹತ್ತಿರವೇ ಕುಡಿಯುವವನು. ಅಲ್ಲಿ ಎಲ್ಲರಿಗೂ ಎಲ್ಲರ ಮುಖಪರಿಚಯ. ಇದರಲ್ಲೂ ಮೋಸ ನುಗ್ಗಿತು, ಅಮಲೇರಲೆಂದು ಔಷಧ ಬೆರೆಸುವ ಪಾಪಿಗಳು ಹುಟ್ಟಿಕೊಂಡರು ಎಂಬುದೂ ನಿಜ. ಅದನ್ನು ಮುಚ್ಚಿಡಲಾರೆ.

ಎಂಬತ್ತರ ದಶಕದಲ್ಲಿ ನಾನು ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಶಾಲೆಗೆ ಹೋಗುವ ಮಕ್ಕಳ ದಾರಿಯಲ್ಲಿ ಇಂಥ ಅಂಗಡಿ ಇರಬಾರದೆಂದು ನಾವು ಕೆಲವರು ಅರ್ಜಿ ಕೊಡುವುದೆಂದು ತೀರ್ಮಾನಿಸಿದೆವು. ಬರೆದವನು ನಾನು. ಶ್ರಮಜೀವಿಗಳ ಆರೋಗ್ಯ, ಹೆಂಗಸರ ಕಣ್ಣೀರು, ಮಹಾತ್ಮರ ಆದರ್ಶ, ಒಂದನ್ನೂ ಬಿಟ್ಟಿರಲಿಲ್ಲ. ಅರ್ಜಿಯ ಭಾಷೆ ಚೆನ್ನಾಗಿತ್ತೆಂದು ವಕೀಲರೊಬ್ಬರು ಹೊಗಳಿದರು. ಮೇಷ್ಟ್ರುಗಳು, ಅಂಗಡಿಯವರು, ಬಡಾವಣೆಯ ಗೃಹಸ್ಥರು ರುಜು ಹಾಕಿದರು. ಕುಡಿಯುವವರ ಪೈಕಿ ಯಾರನ್ನೂ ಕೇಳುವ ಪ್ರಶ್ನೆಯೇ ಇರಲಿಲ್ಲ. ಆದರೆ ಶಾಲೆಯ ಮುಂದೆ ಕಡಲೆಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು ತಾನಾಗಿ ಬಂದು, "ನಂದೂ ಒಂದು ಹೆಬ್ಬೆಟ್ಟು ಒತ್ತುಸ್ಕಳಿ ಮೇಷ್ಟ್ರೆ" ಎಂದಳು. ಗಂಡ ಕೂಲಿಯ ಹಣದಲ್ಲಿ ಅರ್ಧವನ್ನು ಆ ಚಪ್ಪರದಲ್ಲಿ ಕಳೆದು ಬರುತ್ತಿದ್ದ. ಅವಳ ಹೆಬ್ಬೆಟ್ಟನ್ನು ನಾನು ಮೊದಲನೆಯ ಪುಟದಲ್ಲೇ ಒತ್ತಿಸಿದೆ, ಅರ್ಜಿಗೆ ತೂಕ ಬರಲೆಂದು. ಅದು ನೆನಪಾದಾಗ ಈಗಲೂ ಮೈ ಸಣ್ಣದಾಗುತ್ತದೆ.

ಅದೇ ದಿನಗಳಲ್ಲಿ ಶಾಲೆಯ ವಾರ್ಷಿಕೋತ್ಸವ. ನಾನೇ ಮುಂದೆ ನಿಂತು ಹುಡುಗರಿಗೆ ರಾಜರತ್ನಂ ಅವರ ರತ್ನನ ಪದಗಳನ್ನು ಕಲಿಸಿದ್ದೆ. ತಾವು ಹೆಂಡ ಮುಟ್ಟದೆ ಹೆಂಡಕುಡುಕನೊಬ್ಬನ ಬಾಯಲ್ಲಿ ಅಷ್ಟು ದೊಡ್ಡ ಮನಸ್ಸನ್ನು ಇಟ್ಟ ಕವಿ ಅವರು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹುಡುಗರು ಹಾಡಿದಾಗ ಸಭೆಯ ಕಣ್ಣು ಒದ್ದೆಯಾಯಿತು. ಅರ್ಜಿಗೆ ರುಜು ಹಾಕಿದವರೆಲ್ಲ ಮುಂದಿನ ಸಾಲಿನಲ್ಲಿದ್ದರು. ರತ್ನನನ್ನು ನಾವು ಅಷ್ಟು ಪ್ರೀತಿಸುತ್ತಿದ್ದೆವು, ಅವನು ಪುಸ್ತಕದಿಂದ ಹೊರಗೆ ಬಾರದೆ ಇರುವವರೆಗೆ.

ಅಂಗಡಿ ಎತ್ತಿತು. ನಮಗೆ ಸಂತೋಷವಾಯಿತು. ವರ್ಷ ಕಳೆದ ಮೇಲೆ ಆ ಹೆಂಗಸನ್ನು, ಈಗ ನೆಮ್ಮದಿಯೇನಮ್ಮ ಎಂದು ಕೇಳಿದೆ. ಒಳ್ಳೆಯ ಉತ್ತರ ಬರುತ್ತದೆಂಬ ನಂಬಿಕೆಯಿಂದಲೇ ಕೇಳಿದ್ದು. ಅವಳು ಕಡಲೆಕಾಯಿ ಅಳೆಯುತ್ತಲೇ ಹೇಳಿದಳು: "ಆಗ್ಲೂ ಕುಡೀತಿದ್ದ ಮೇಷ್ಟ್ರೆ, ಈಗ್ಲೂ ಕುಡಿತನ. ಆಗ ಎಲ್ಲವನ ಅಂತ ಗೊತ್ತಿತ್ತು ಕನ. ಬಿದ್ರೆ ಅಂಗಡಿಯವ್ನೇ ಯಾರ ಕೈಲಾದ್ರೂ ಹೇಳಿ ಕಳುಸ್ತಿದ್ದ. ಈಗ ಸಾರಾಯಿ ಕುಡದು ಎಲ್ಲಿ ಬಿದ್ದಿದ್ದನೊ, ಕೆರೆ ಏರಿ ಮ್ಯಾಲೆಲ್ಲ ಹುಡುಕಬೇಕು." ಅವಳ ದನಿಯಲ್ಲಿ ದೂರು ಇರಲಿಲ್ಲ. ನಾನು ಎಂದಿನಂತೆ ಒಂದು ಪಾವು ಕಡಲೆಕಾಯಿ ಕೊಂಡು ಮನೆಗೆ ಬಂದೆ.

ಪಾನನಿಷೇಧದ ಹೆಸರಿನಲ್ಲಿ ದೊಡ್ಡವರು ಪಟ್ಟ ಪಾಡೂ ಕಡಮೆಯದಲ್ಲ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದು ಸೆರೆಮನೆಗೆ ಹೋದರು. ಎಸ್. ನಿಜಲಿಂಗಪ್ಪನವರು ಆ ಸತ್ಯಾಗ್ರಹದಲ್ಲಿದ್ದವರು. ಅವರೇ ಮುಖ್ಯಮಂತ್ರಿಗಳಾಗಿದ್ದಾಗ, 1967ರಲ್ಲಿ, ಮೈಸೂರು ರಾಜ್ಯ ಪಾನನಿಷೇಧವನ್ನು ಕೈಬಿಟ್ಟಿತು. ನಮ್ಮ ಜಿಲ್ಲೆಯ ಕೊಳ್ಳೇಗಾಲ 1956ರವರೆಗೆ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಮದರಾಸಿನಲ್ಲಿ 1948ರಿಂದಲೇ ಪೂರ್ತಿ ನಿಷೇಧ. ಹೀಗೆ ಕುಡಿತ ಪಾಪವೋ ಅಲ್ಲವೋ ಎಂಬುದನ್ನು ಎಷ್ಟೋ ಕಾಲ ಗಡಿಯ ಕಲ್ಲುಗಳು ನಿರ್ಣಯಿಸುತ್ತಿದ್ದವು. ಮುಂದೆ ನಮ್ಮ ಒಳನಾಡಿನಲ್ಲಿ ಹೆಂಡಕ್ಕೆ ತಡೆ ಬಿತ್ತು, ಕರಾವಳಿಗೆ ಮಾತ್ರ ವಿನಾಯಿತಿ. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಉಳಿದದ್ದು ಕಾರ್ಖಾನೆಯ ರಮ್ಮು, ಬ್ರಾಂದಿ, ವಿಸ್ಕಿ, ಬಿಯರು. 2008ರ ಮೇ ತಿಂಗಳಲ್ಲಿ, ಸಾರಾಯಿ ನಿಂತು ವರ್ಷ ತುಂಬುವುದರೊಳಗೆ, ಬೆಂಗಳೂರು, ಕೋಲಾರ, ಕೃಷ್ಣಗಿರಿಗಳ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು.

ಇಂಗ್ಲಿಷರಿಗೂ ಇಂಥ ಕಾಲ ಬಂದಿತ್ತು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಬಡವರನ್ನು ಜಿನ್ ಎಂಬ ಕಟುಮದ್ಯ ತಿಂದುಹಾಕುತ್ತಿತ್ತು. 1751ರಲ್ಲಿ ಹೋಗಾರ್ತ್ ಎಂಬ ಚಿತ್ರಕಾರ ಎರಡು ಚಿತ್ರ ಅಚ್ಚು ಹಾಕಿಸಿದ: ಒಂದರಲ್ಲಿ ಜಿನ್ನಿನ ಓಣಿ, ಅಮಲಿನಲ್ಲಿ ತಾಯಿಯ ಕೈಯಿಂದ ಜಾರಿಬೀಳುತ್ತಿರುವ ಕೂಸು. ಇನ್ನೊಂದರಲ್ಲಿ ಬಿಯರಿನ ಬೀದಿ, ದುಂಡುಮುಖದ ಕೆಲಸಗಾರರು. ಅದೇ ವರ್ಷ ಕಾನೂನು ಜಿನ್ನಿನ ಮಾರಾಟವನ್ನು ಬಿಗಿಮಾಡಿತು, ಬಿಯರನ್ನು ಅದರ ಪಾಡಿಗೆ ಬಿಟ್ಟಿತು. ಹೋಗಾರ್ತನ ಚಿತ್ರ ಪ್ರಚಾರದ್ದು, ಒಪ್ಪುತ್ತೇನೆ. ಬಿಯರು ಕುಡಿದವರೆಲ್ಲ ಸಜ್ಜನರಲ್ಲ. ಆದರೂ ಅವರು ತೀಕ್ಷ್ಣವಾದದ್ದನ್ನು ತಡೆದು ಸೌಮ್ಯವಾದದ್ದನ್ನು ಉಳಿಸಿಕೊಂಡರು. ನಾವು ಸೌಮ್ಯವಾದದ್ದನ್ನು ಮೊದಲು ತೆಗೆದೆವು. ಈಗ ಬೆಂಗಳೂರಿನಲ್ಲಿ ಗಾಡಿಯ ಗಾಲಿ, ಲಾಂದ್ರ, ಬಿದಿರಿನ ತಟ್ಟಿ ತಂದು ಹಳ್ಳಿಯ ವೇಷ ಹಾಕಿಸಿದ ಪಾನಗೃಹಗಳಿವೆ. ನಮ್ಮ ಮನೆಯ ಹುಡುಗರೇ ಅಲ್ಲಿಗೆ ಹೋಗುತ್ತಾರೆ. ಅವನ್ನು ಮುಚ್ಚಿಸಲು ನಾನು ಅರ್ಜಿ ಬರೆದಿಲ್ಲ.

ಹಾಗಾದರೆ ಕುಡಿತ ಒಳ್ಳೆಯದೆನ್ನುತ್ತೀರಾ ಎಂದು ವಾಚಕರು ಕೇಳಬಹುದು. ಖಂಡಿತ ಇಲ್ಲ. 2019ರ ಜನವರಿಯಲ್ಲಿ, ಸಂಪೂರ್ಣ ಪಾನನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡೆದೇ ಬಂದರು. ಅವರ ಎದುರಿಗೆ ನಿಂತು, ತಾಯಂದಿರೇ, ಅಂಗಡಿ ಮುಚ್ಚಿದರೆ ಪ್ರಯೋಜನವಿಲ್ಲ ಎನ್ನುವ ಧೈರ್ಯ ನನಗಿಲ್ಲ. ಹೊಡೆತ ತಿಂದವರು ಅವರು. ಏನು ಬೇಕೆಂದು ಹೇಳುವ ಅಧಿಕಾರವೂ ಅವರದೇ. ನನ್ನ ಪ್ರಶ್ನೆ ನನ್ನ ಅರ್ಜಿಯ ಮಟ್ಟಿಗಿನದು. ನಾನು ಹೊಡೆತ ತಿಂದವನಲ್ಲ. ನನಗೆ ಆಗುತ್ತಿದ್ದ ಕಷ್ಟವೆಂದರೆ ಸಂಜೆಯ ಹೊತ್ತು ಆ ವಾಸನೆ, ಆ ಸದ್ದು, ಆ ಜನ. ಅವರು ಕುಡಿಯಬಾರದೆಂದು ನಾನು ಹಂಬಲಿಸಿದೆನೋ, ನನ್ನ ಕಣ್ಣಿಗೆ ಬೀಳಬಾರದೆಂದು ಹಂಬಲಿಸಿದೆನೋ? ಮೊದಲನೆಯದೇ ಆಗಿದ್ದರೆ, ಅಂಗಡಿ ಎತ್ತಿದ ಮೇಲೆ ಅವರೆಲ್ಲಿಗೆ ಹೋದರೆಂದು ಒಂದು ದಿನವಾದರೂ ಹುಡುಕಬೇಕಾಗಿತ್ತು. ಆ ಹೆಂಗಸು ಹುಡುಕಿದಳು, ಏರಿಯ ಮೇಲೆ, ಕತ್ತಲಲ್ಲಿ. ಪರಹಿತದ ಹೆಸರಿನಲ್ಲಿ ನನ್ನ ಹಿತವನ್ನು ನೋಡಿಕೊಂಡು, ಅದಕ್ಕೆ ಅವಳ ಹೆಬ್ಬೆಟ್ಟನ್ನು ಸಾಕ್ಷಿ ಹಾಕಿಸಿಕೊಂಡೆ. ಫಲ ಒಳ್ಳೆಯದಾಗಿದ್ದರೆ ಇದು ಮನ್ನಿಸುವಂಥದೋ ಏನೋ. ಫಲವೂ ಆಗಲಿಲ್ಲ.

ಲಂಡನ್ನಿನಿಂದ ಹಿಂದಿರುಗಿದ ವರ್ಷ ಚಾಮರಾಜನಗರದಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಕೆಲವು ದಿನ ಇದ್ದೆ. ಹತ್ತಿರದ ಹಳ್ಳಿಯಲ್ಲಿ ನೀಲಗಾರರು ಮಂಟೇಸ್ವಾಮಿಯ ಕಥೆ ಹಾಡುತ್ತಾರೆಂದು ಅವರು ಕರೆದೊಯ್ದರು. ತಂಬೂರಿ, ಡಕ್ಕೆ, ಗಗ್ಗರ, ಎದುರಿಗೆ ಕಂಬಳಿ ಹೊದ್ದು ಕುಳಿತ ಜನ. ಆ ರಾತ್ರಿ ಬಂದದ್ದು ಕಲ್ಯಾಣದ ಭಾಗ. ಬಸವಣ್ಣನವರ ಕಲ್ಯಾಣವೆಂಬ ಮಹಾನಗರವನ್ನು ಪರೀಕ್ಷಿಸಲೆಂದು ಮಂಟೇಸ್ವಾಮಿ ಬರುತ್ತಾನೆ. ಬರುವ ಬಗೆ ಹೇಗೆ! ಮೈಯೆಲ್ಲ ಕೊಳೆತು ನಾರುತ್ತಿದೆ, ಹೊತ್ತಿರುವುದು ಸತ್ತ ಕರು, ಜೊತೆಗೆ ಹೆಂಡದ ಪಾತ್ರೆ. ಬಾಗಿಲು ಕಾಯುವವರು ಬಡಿಯುತ್ತಾರೆ. ವಾಸನೆಗೆ ಹೆದರಿ ಜಂಗಮರು ಚೆಲ್ಲಾಪಿಲ್ಲಿಯಾಗುತ್ತಾರೆ. ಕೊನೆಗೆ ಅವನನ್ನು ಗುರುತಿಸಿ ಒಳಕ್ಕೆ ಬರಮಾಡಿಕೊಳ್ಳುವುದು ಬಸವಣ್ಣ, ನೀಲಮ್ಮ.

ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಜಾನಪದ ಮಹಾಕಾವ್ಯದ ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆಸಿದ್ದೇನೆ. ಬಾಗಿಲಲ್ಲಿ ಕೋಲು ಹಿಡಿದು ನಿಂತವರ ಮುಖ ಹೇಗಿತ್ತೆಂದು ಅಂದಿನವರೆಗೆ ಯೋಚಿಸಿರಲಿಲ್ಲ. ಅವರು ದುಷ್ಟರೆಂದು ಹಾಡುಗಾರ ಹೇಳಲಿಲ್ಲ. ಕಲ್ಯಾಣ ಶುದ್ಧವಾಗಿರಲಿ ಎಂಬ ಕಳಕಳಿ ಅವರದು. ಚೊಕ್ಕಟವಾದ ಕನ್ನಡದಲ್ಲಿ ಅರ್ಜಿ ಬರೆಯುವ ಜನ ಎಂದು ನನಗೆ ತೋರಿತು. ವಿಚಿತ್ರವೆಂದರೆ ಚರಿತ್ರೆಯ ಕಲ್ಯಾಣದಲ್ಲಿ ಹೆಂಡ ಮಾರುವವನೂ ಶರಣನಾಗಿದ್ದ. ಹೆಂಡದ ಮಾರಯ್ಯ ಎಂದೇ ಅವನ ಹೆಸರು. ತನ್ನ ಕಸುಬಿನ ಮಾತುಗಳಿಂದಲೇ ಧರ್ಮೇಶ್ವರಲಿಂಗದ ಅಂಕಿತದಲ್ಲಿ ವಚನಗಳನ್ನು ಕಟ್ಟಿದ. ಹಾಗಾದರೆ ಕಾವ್ಯದ ಕಲ್ಯಾಣಕ್ಕೆ ಹೆಂಡ ಹೊರಗಿನಿಂದ ಬಂದು ಬಾಗಿಲಲ್ಲಿ ಏಟು ತಿನ್ನಬೇಕಾದದ್ದೇಕೆ? ಇದನ್ನು ಕೇಳಿದಾಗ ನನ್ನ ಗೆಳೆಯರು, "ನೀನು ಈಗಲೂ ಮೇಷ್ಟ್ರು ಕಣಯ್ಯ, ಕಥೆ ಕೇಳು" ಎಂದು ಗದರಿದರು.

ಮರುದಿನ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋದೆ. ಅಂಗಡಿಯಿದ್ದ ಕಡೆ ಈಗ ಟೈರಿನ ಮಳಿಗೆಯಿದೆ. ಹುಣಿಸೇಮರ ರಸ್ತೆಗೆ ಹೋಯಿತು. ಆಚೆಯ ಹೊಲಗಳಲ್ಲಿ ಚೆಂಡುಹೂವು, ಅದರ ನಡುವೆ ನಿಂತು ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಡಲೆಕಾಯಿಯ ಹೆಂಗಸಿನ ವಿಚಾರ ಕೇಳಿದೆ. ತೀರಿಕೊಂಡು ಬಹಳ ವರ್ಷವಾಯಿತೆಂದರು. ಅವಳ ಗಂಡ ಅವಳಿಗಿಂತ ಮೊದಲೇ ಹೋದನಂತೆ.

ಸಂಜೆ ಕೆರೆಯ ಏರಿಯ ಮೇಲೆ ನಡೆದುಹೋದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ಮೋಡ ಕವಿದಿತ್ತು. ಕಾಲಡಿಯಲ್ಲಿ ಬ್ರಾಂದಿಯ ಕಾಗದದ ಪೊಟ್ಟಣಗಳು, ಮಕ್ಕಳು ಹಣ್ಣಿನ ರಸ ಕುಡಿಯುತ್ತಾರಲ್ಲ, ಅಂಥವೇ. ಪೊದೆಯ ಮರೆಯಲ್ಲಿ ಮೂವರು ಕುಳಿತಿದ್ದರು. ನನ್ನನ್ನು ಕಂಡದ್ದೇ ಎದ್ದು ನಿಂತರು. ಒಬ್ಬ ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದ. ತಲೆ ನರೆತವನು ನನ್ನ ಹಳೆಯ ವಿದ್ಯಾರ್ಥಿ. ವಾರ್ಷಿಕೋತ್ಸವದಲ್ಲಿ ಹಾಡಿದ ಹುಡುಗರಲ್ಲಿ ಒಬ್ಬ ಇರಬೇಕು, ಹೆಸರು ಮರೆತಿದೆ. "ನಮಸ್ಕಾರ ಸಾ, ಯಾವಾಗ ಬಂದ್ರಿ?" ಎಂದ. "ನಿನ್ನೆ ಚಾಮರಾಜನಗರದಲ್ಲಿದ್ದೆನಪ್ಪ. ಕೂತ್ಕೊಳ್ಳಿ, ನಾನೂ ಸ್ವಲ್ಪ ಹೊತ್ತು ಕೂತ್ಕೋತೀನಿ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬ್ಯಾಡಿ ಸಾ, ಇಲ್ಲೆಲ್ಲ ನೀವು ಕೂರಬಾರದು, ಗಲೀಜು" ಎಂದ. ಇನ್ನೊಮ್ಮೆ ಹೇಳಿದೆ. ಕೂರಲಿಲ್ಲ. ನಾನು ಏರಿ ಇಳಿದು ರಸ್ತೆಗೆ ಬಂದು ತಿರುಗಿ ನೋಡಿದಾಗಲೂ ಮೂವರೂ ಹಾಗೆಯೇ ನಿಂತಿದ್ದರು, ಒಬ್ಬನ ಕೈ ಬೆನ್ನ ಹಿಂದೆಯೇ ಇತ್ತು.